ಒರೆಸದೆ ಉಳಿಸಿದ ಮೂರು ಬೋರ್ಡು

ಒಂದು ಗಂಟೆಯ ಗಣಿತದ ಉಪನ್ಯಾಸಕ್ಕೆ ಏನೆಲ್ಲ ಖರ್ಚಾಗುತ್ತದೆ? ನಾಲ್ಕು ಬಕೆಟ್ ನೀರು, ಎರಡು ಹಳೇ ಟವೆಲ್, ಅರ್ಧ ಡಬ್ಬಿ ಸೀಮೆಸುಣ್ಣ, ದೊಡ್ಡ ಫ್ಲಾಸ್ಕಿನ ತುಂಬ ಚಹಾ, ಒಂದಿಷ್ಟು ಬಿಸ್ಕತ್ತು. ಜೊತೆಗೆ ಒಬ್ಬ ಹೆಂಗಸಿನ ಬಲಭುಜ. ಉಪನ್ಯಾಸ ಕೊಡುವವರು ಅದಕ್ಕಾಗಿ ಸವೆಸಿದ ವರ್ಷಗಳನ್ನು ಈ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. ಹದಿನೈದು ದಿನದ ಹಿಂದಿನವರೆಗೆ ಆ ಭುಜದ ಒಡತಿ ಬೋರ್ಡಮ್ಮನೂ ಸೇರಿಸಿರಲಿಲ್ಲ.

ಬೆಳಗಿನ ಆರು ಗಂಟೆ. ವಿಶ್ವವಿದ್ಯಾಲಯದ ಗಣಿತ ವಿಭಾಗದ ಸೆಮಿನಾರ್ ಹಾಲಿನಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಎದುರು ಗೋಡೆಯ ತುಂಬ ಆರು ಕರಿಹಲಗೆಗಳು. ಮೂರು ಮೇಲೆ, ಮೂರು ಕೆಳಗೆ. ಹಗ್ಗ ಎಳೆದರೆ ರಾಟೆಯ ಮೇಲೆ ಏರಿಳಿಯುವಂಥವು. ರವಿಕೆಯ ತೋಳು ಮಡಚಿಕೊಂಡು ನಿಂತ ಬೋರ್ಡಮ್ಮ ಹಿಂಡಿದ ಟವೆಲನ್ನು ಹಲಗೆಯ ನೆತ್ತಿಗಿಟ್ಟು, ಪಾದದವರೆಗೆ ಒಂದೇ ಉಸಿರಿಗೆ ಎಳೆಯುತ್ತಾರೆ. ಬೂದುಬಣ್ಣದ ನೀರು ಮೊಣಕೈವರೆಗೆ ಹರಿದು ಬರುತ್ತದೆ.

"ಗುಂಡಗೆ ಒರೆಸಿದ್ರೆ ಮೋಡ ಕಟ್ಟಿದ ಹಾಗೆ ಬಿಳೀ ಉಳ್ಕೊಳ್ಳುತ್ತೆ. ನೇರ ಎಳೀಬೇಕು. ಆಮೇಲೆ ಚೆನ್ನಾಗಿ ಒಣಗಬೇಕು. ಒದ್ದೆ ಬೋರ್ಡು ಸೀಮೆಸುಣ್ಣಾನ ನುಂಗಿಬಿಡುತ್ತೆ, ಬರೆದೋರಿಗೇ ಬರೆದಿದ್ದು ಕಾಣಲ್ಲ. ಅದಕ್ಕೇ ನಾನು ಕೋಳಿಗಿಂತ ಮುಂಚೆ ಏಳೋದು."

ವಯಸ್ಸು ಐವತ್ತಮೂರು. ಶಾಲೆ ಏಳನೇ ತರಗತಿಗೆ ನಿಂತಿತು. ಕಸ ಗುಡಿಸುವ ತಾತ್ಕಾಲಿಕ ಕೆಲಸಕ್ಕೆಂದು ಸೇರಿ ಇಪ್ಪತ್ತೆರಡು ವರ್ಷವಾಯಿತು. ನಿಜವಾದ ಹೆಸರು ಸಂಬಳದ ಗುಮಾಸ್ತರಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಕುಲಪತಿಯಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ ಅವರು ಬೋರ್ಡಮ್ಮ. ವಾರಕ್ಕೆ ಮೂರು ಸೆಮಿನಾರು. ಸುಣ್ಣದ ಧೂಳು ಗಂಟಲಲ್ಲಿ ಕೂತು ಕೆಮ್ಮಾಗಿದೆ, ಬೆರಳ ಸಂದು ಒಡೆದಿದೆ. ಬಲಗೈ ಈಗ ತಲೆಯ ಹಿಂದಕ್ಕೆ ಹೋಗುವುದಿಲ್ಲ. ಜಡೆ ಹೆಣೆದುಕೊಡುವುದು ನಲ್ಲಿ ರಿಪೇರಿ ಮಾಡುವ ಗಂಡ.

"ದೊಡ್ಡ ದೊಡ್ಡ ತಲೆಗಳು ಗಂಟೆಗಟ್ಟಲೆ ಬರೀತಾವೆ, ಇವಳು ಒಂದೇ ಏಟಿಗೆ ಅಳಿಸಿ ಬರ್ತಾಳೆ. ಅಲ್ಲೂ ಕೊನೇ ಮಾತು ಇವಳದೇ," ಎನ್ನುತ್ತಾರೆ ಅವರು, ಜಡೆ ಬಿಗಿಯುತ್ತ.

"ನೀವು ಸ್ವಲ್ಪ ಮೆತ್ತಗೆ ಎಳೀರಿ, ಅದು ಪೈಪಲ್ಲ," ಎನ್ನುತ್ತಾರೆ ಇವರು.

ಆ ಸೆಮಿನಾರ್ ಹಾಲಿಗೆ ತನ್ನದೇ ಆದ ಕಟ್ಟಳೆಗಳಿವೆ. ಉಪನ್ಯಾಸ ಮುಗಿದು ಪ್ರಶ್ನೆಗಳೆಲ್ಲ ತೀರುವ ತನಕ ಯಾವ ಬೋರ್ಡನ್ನೂ ಒರೆಸುವಂತಿಲ್ಲ. ಯಾರು ಯಾವಾಗ "ಎರಡನೇ ಬೋರ್ಡಿನ ಮೂರನೇ ಸಾಲು" ಎಂದು ಕೈಯೆತ್ತುತ್ತಾರೋ ಹೇಳಲಾಗದು. ಮುಗಿದ ಮೇಲೆ ಚಪ್ಪಾಳೆ, ಆಮೇಲೆ ಚಹಾ, ಆಮೇಲೆ ಬೋರ್ಡಮ್ಮನ ಟವೆಲು. ಬರಹದ ಸುತ್ತ ಚೌಕ ಎಳೆದು 'ಒರೆಸಬೇಡಿ' ಎಂದು ಯಾರಾದರೂ ಬರೆದಿದ್ದರೆ ಮಾತ್ರ ಅದನ್ನು ಮುಟ್ಟುವಂತಿಲ್ಲ. ಆ ಕಡ್ಡಿ, ಕೊಂಡಿ, ಬಾಲಗಳ ನಡುವೆ ಅವರಿಗೆ ಓದಲು ಬರುವುದು ಎರಡೇ ಮಾತು. 'ಒರೆಸಬೇಡಿ' ಒಂದು, 'ಇದೇ ರೀತಿ' ಎನ್ನುವುದು ಇನ್ನೊಂದು. ಎರಡನೆಯದು ಎಲ್ಲರ ಬೋರ್ಡಿನಲ್ಲೂ ಇರುತ್ತದೆ. ಒಂದು ಕಡೆಯದನ್ನು ಸಾಧಿಸಿ ತೋರಿಸಿದ ಮೇಲೆ, ಅಂಥದೇ ಇನ್ನೊಂದನ್ನು ಮತ್ತೆ ಬರೆಯುವ ತಾಪತ್ರಯ ಏಕೆಂದು ಉಪನ್ಯಾಸಕರು ಹಾಗೆ ಬರೆದು ಮುಂದೆ ಹೋಗುತ್ತಾರೆ.

ಬೋರ್ಡಮ್ಮನಿಗೆ ಮಕ್ಕಳಿಲ್ಲ. ಆರು ವರ್ಷದ ಹಿಂದೆ ಅವರ ಮನೆಯ ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ಸಂಶೋಧಕಿ ಮೊದಲು 'ಆಂಟಿ' ಎನ್ನುತ್ತಿದ್ದವಳು, ಎರಡನೇ ವರ್ಷಕ್ಕೆ 'ಚಿಕ್ಕಮ್ಮ' ಎಂದಳು. ಅವಳು ಮಾಡುತ್ತಿದ್ದುದು ಗಂಟುಗಳ ಗಣಿತ. ತಾರಸಿಯ ಮೇಲೆ ಬಟ್ಟೆ ಒಣಹಾಕುವ ಹಗ್ಗವನ್ನೇ ಬಿಚ್ಚಿ ಒಂದು ದಿನ ತೋರಿಸಿದ್ದಳಂತೆ: ಬಲಕ್ಕೆ ತಿರುಚಿ ಹಾಕಿದರೆ ಬಲಮುರಿ ಗಂಟು, ಎಡಕ್ಕೆ ತಿರುಚಿದರೆ ಎಡಮುರಿ, ನೋಡಲು ಎರಡೂ ಒಂದೇ ಹಾಗೆ. ಇವುಗಳಲ್ಲಿ ಯಾವುದನ್ನು ಕತ್ತರಿಸದೆ ಬಿಡಿಸಬಹುದು ಎನ್ನುವ ಹುಡುಕಾಟವೇ ಅವಳ ಆರು ವರ್ಷ.

"ಒಗೆದ ಬಟ್ಟೆಯೆಲ್ಲ ನೆಲದ ಮೇಲೆ ಬಿದ್ದಿತ್ತು. ಬೈಯೋಕೂ ಮನಸ್ಸಾಗ್ಲಿಲ್ಲ. ಅಷ್ಟು ಖುಷೀಲಿ ಹೇಳ್ತಿದ್ಲು," ಎನ್ನುತ್ತಾರೆ ಬೋರ್ಡಮ್ಮ.

ಹದಿನೈದು ದಿನದ ಹಿಂದೆ ಆ ಹುಡುಗಿಯದೇ ಉಪನ್ಯಾಸ. ಸಾಧಿಸಿ ತೋರಿಸಿದ್ದು ತಪ್ಪಿಲ್ಲದೆ ನಿಂತರೆ ಇದೇ ವಿಭಾಗದಲ್ಲಿ ಕಾಯಂ ಹುದ್ದೆ. ಇಲ್ಲದಿದ್ದರೆ ತಿಂಗಳ ಕೊನೆಗೆ ಅವಳ ಅವಧಿ ಮುಗಿಯುತ್ತದೆ, ಊರು ಬಿಡಬೇಕು. ಬೋರ್ಡಮ್ಮ ಆ ಬೆಳಗ್ಗೆ ಆರೂ ಬೋರ್ಡನ್ನು ಎರಡೆರಡು ಸಲ ತೊಳೆದರು, ರಾಟೆಗೆ ಎಣ್ಣೆ ಬಿಟ್ಟರು.

"ಚಿಕ್ಕಮ್ಮ, ಇವತ್ತು ನಿಮ್ಮ ಬೋರ್ಡು ಫಳಫಳ ಅಂತಿರಬೇಕು," ಎಂದಿದ್ದಳು ಹುಡುಗಿ.

"ಅದು ಅಂತಿರುತ್ತೆ. ನೀನು ಮೊದ್ಲು ಏನಾದ್ರೂ ತಿನ್ನು, ಮುಖ ನೋಡು ಹೇಗಾಗಿದೆ."

ಆರು ಬೋರ್ಡು ತುಂಬಿದವು. ನಾಲ್ಕನೆಯದರ ತಲೆಯಲ್ಲಿ 'ಎಡಮುರಿಗೂ ಇದೇ ರೀತಿ' ಎಂದು ಬರೆದದ್ದನ್ನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತ ಬೋರ್ಡಮ್ಮ ಓದಿಕೊಂಡು, ಸದ್ಯ ಇವಳೂ ದೊಡ್ಡವರ ಹಾಗೇ ಬರೆಯುತ್ತಾಳೆಂದು ಹಿಗ್ಗಿದರು. ಎಲ್ಲ ಮುಗಿಯಿತು ಎನ್ನುವಾಗ ಮುಂದಿನ ಸಾಲಿನ ನಿವೃತ್ತ ಮೇಷ್ಟ್ರು ಕಣ್ಣು ಬಿಟ್ಟರು. ಪ್ರತಿ ಸೆಮಿನಾರಿನಲ್ಲೂ ಕಣ್ಣು ಮುಚ್ಚಿಯೇ ಕೂರುವ ಅವರಿಗೆ ಬೋರ್ಡಮ್ಮ ಇಟ್ಟ ಹೆಸರು ತೂಕಡಿಕೆ ಮೇಷ್ಟ್ರು.

"ಎಡಮುರಿಗೂ ಇದೇ ರೀತಿ ಅಂದ್ಯಲ್ಲಮ್ಮ, ಅದನ್ನೊಂದು ಸಲ ಬರೆದು ತೋರಿಸ್ತೀಯಾ?" ಎಂದರು, ಉಪ್ಪು ಈ ಕಡೆ ಕೊಡಮ್ಮ ಎನ್ನುವಷ್ಟೇ ಸಲೀಸಾಗಿ.

"ಎರಡೇ ನಿಮಿಷ ಸರ್," ಎಂದು ಹುಡುಗಿ ಆರನೇ ಬೋರ್ಡಿನ ಖಾಲಿ ಮೂಲೆಯಲ್ಲಿ ಬರೆಯತೊಡಗಿದಳು. ನಾಲ್ಕು ಸಾಲು ಸರಸರ ಬಂತು. ಐದನೇ ಸಾಲಿನ ನಡುವೆ ಕೈ ನಿಂತಿತು. ಅವಳು ಮೊದಲ ಬೋರ್ಡು ನೋಡಿದಳು, ಮತ್ತೆ ಮೂಲೆ ನೋಡಿದಳು. ಬೋರ್ಡಮ್ಮನಿಗೆ ಗಣಿತ ತಿಳಿಯದು, ಆದರೆ ಆ ಬೆನ್ನು ತಿಳಿಯುತ್ತದೆ. ಅವರು ಸ್ಟೂಲಿನಿಂದ ಎದ್ದು ನಿಂತರು.

ಹುಡುಗಿ ಸೀಮೆಸುಣ್ಣ ಕೆಳಗಿಟ್ಟು ಎಲ್ಲರ ಕಡೆ ತಿರುಗಿದಳು. "ಇದು ಬರಲ್ಲ. ಎಡಮುರಿ ಬೇರೆ ಥರ ಇದೆ. ನಾಲ್ಕನೇ ಬೋರ್ಡಿಂದ ಮುಂದೆ ಯಾವುದೂ ನಿಲ್ಲಲ್ಲ. ತಪ್ಪು ನಂದೇ."

ಆಗ ನಡೆದದ್ದನ್ನು ನೆನೆದರೆ ಬೋರ್ಡಮ್ಮನಿಗೆ ಈಗಲೂ ಗರಬಡಿದಂತಾಗುತ್ತದೆ. ಅಷ್ಟೂ ಜನ ಚಪ್ಪಾಳೆ ತಟ್ಟಿದರು.

"ಮನೆ ಕುಸಿದು ಬಿದ್ದಾಗ ಯಾರಾದ್ರೂ ಚಪ್ಪಾಳೆ ತಟ್ತಾರಾ? ಇವ್ರೆಲ್ಲ ಮನುಷ್ಯರಾ ಅನ್ನಿಸ್ತು. ಫ್ಲಾಸ್ಕು ಎತ್ಕೊಂಡು ಹೊರಗೆ ಹೋಗಿಬಿಟ್ಟೆ. ಅವತ್ತು ಯಾರಿಗೂ ಚಹಾ ಕೊಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು."

ಅವರು ಟವೆಲು ಹಿಡಿದು ಮರಳುವಾಗ ಸೆಮಿನಾರ್ ಹಾಲ್ ಖಾಲಿಯಾಗಿ ಇಬ್ಬರೇ ಉಳಿದಿದ್ದರು: ಹುಡುಗಿ ಮತ್ತು ಮೇಷ್ಟ್ರು. "ಒರೆಸಿಬಿಡಿ ಚಿಕ್ಕಮ್ಮ. ಎಲ್ಲಾನೂ," ಎಂದಳು ಹುಡುಗಿ, ಗೋಡೆಯ ಕಡೆ ನೋಡದೆ. ಬೋರ್ಡಮ್ಮ ಆರನೆಯದನ್ನು ಒರೆಸಿದರು. ಐದು. ನಾಲ್ಕು. ಟವೆಲು ಹಿಂಡಿ ಮೂರನೆಯದಕ್ಕೆ ಕೈಯೆತ್ತಿದಾಗ ಹಿಂದಿನಿಂದ ಮೇಷ್ಟ್ರ ದನಿ ಬಂತು.

"ಅಲ್ಲೇ ನಿಲ್ಲಿಸಿ ಬೋರ್ಡಮ್ಮ."

ಬೋರ್ಡಮ್ಮನಿಗೆ ರೇಗಿತು. "ಇನ್ನೇನು ಉಳಿದಿದೆ ಸಾರ್? ಇಷ್ಟು ದಿನ ಮಲಗಿದ್ದೋರು ಇವತ್ತೇ ಏಳಬೇಕಿತ್ತಾ?"

ಮೇಷ್ಟ್ರು ಬೇಸರಿಸಿಕೊಳ್ಳಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು, ಸೀಮೆಸುಣ್ಣ ತೆಗೆದುಕೊಂಡು, ಒಂದರಿಂದ ಮೂರನೇ ಬೋರ್ಡಿನವರೆಗೆ ಉದ್ದಕ್ಕೂ ಒಂದು ದೊಡ್ಡ ಚೌಕ ಎಳೆದರು. ಕೆಳಗೆ 'ಒರೆಸಬೇಡಿ' ಎಂದು ಬರೆದರು. "ಬಲಮುರಿ ಗಟ್ಟಿಯಾಗಿದೆ ಮಗು. ನಾನು ಮೂವತ್ತು ವರ್ಷ ಹುಡುಕಿದ್ದು ಅದು. ನಂಗೆ ಸಿಗಲಿಲ್ಲ," ಎಂದರು. ಆಮೇಲೆ ಬೋರ್ಡಮ್ಮನ ಕಡೆ ತಿರುಗಿದರು. "ಬಿದ್ದಿದ್ದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲಮ್ಮ. ಬಿತ್ತು ಅಂತ ತಾನೇ ಹೇಳಿದ್ಲಲ್ಲ, ಅದಕ್ಕೆ. ನಾನಾಗಿದ್ರೆ 'ನಾಳೆ ನೋಡಿ ಹೇಳ್ತೀನಿ' ಅಂತ ಜಾರ್ಕೊಂಡಿರ್ತಿದ್ದೆ."

ಅಂದು ಸಂಜೆ ಊಟದ ಮೇಜಿನಲ್ಲಿ ಕಥೆಯನ್ನೆಲ್ಲ ಕೇಳಿಸಿಕೊಂಡ ಬೋರ್ಡಮ್ಮನ ಗಂಡ ಹುಡುಗಿಯ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು. "ನಾನೂ ಒಂದು ನಲ್ಲಿ ಸರಿ ಮಾಡಿ, ಪಕ್ಕದ್ದೂ ಹಿಂಗೇ ಇರುತ್ತೆ ಬಿಡಿ ಅಂತ ನೋಡದೆ ಬಂದು ಎಷ್ಟು ಮನೇಲಿ ಬೈಸ್ಕೊಂಡಿದೀನಿ ಗೊತ್ತಾ ಪುಟ್ಟಿ? ನಿಂಗೆ ಚಪ್ಪಾಳೆಯಾದ್ರೂ ಸಿಕ್ತು." ಹುಡುಗಿ ನಕ್ಕಳು. ನಗುತ್ತ ನಗುತ್ತಲೇ ಅಳು ಬಂತು. ಅಳಲಿ ಎಂದು ಇಬ್ಬರೂ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಸೂಟ್‌ಕೇಸು ಮಹಡಿಯಿಂದ ಇಳಿದು ಎರಡು ದಿನ ಬಾಗಿಲ ಬಳಿ ಇತ್ತು. ಮೂರನೇ ದಿನ ಮತ್ತೆ ಮಹಡಿ ಹತ್ತಿತು. ಹುಡುಗಿ ಊರಂಚಿನ ಕಾಲೇಜೊಂದರಲ್ಲಿ ಅರೆಕಾಲಿಕ ಪಾಠ ಒಪ್ಪಿಕೊಂಡಿದ್ದಾಳೆ. ಪಾಠ ಮುಗಿಸಿ ದಿನವೂ ಸೆಮಿನಾರ್ ಹಾಲಿಗೆ ಬಂದು ಆ ಮೂರು ಬೋರ್ಡಿನ ಮುಂದೆ ಕೂರುತ್ತಾಳೆ. ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ಮೇಷ್ಟ್ರು. ಬೇರೆ ಉಪನ್ಯಾಸಕರು ಉಳಿದ ಮೂರರಲ್ಲೇ ಇಕ್ಕಟ್ಟಾಗಿ ಬರೆಯುತ್ತಾರೆ; ಗೊಣಗುವವರಿಗೆ ಬೋರ್ಡಮ್ಮ ಚೌಕದ ಕಡೆ ಬೆರಳು ತೋರಿಸಿ ಚಹಾ ಕೊಡುತ್ತಾರೆ.

ಏಳು ಗಂಟೆಯಾಗುತ್ತ ಬಂತು. ತೊಳೆದ ಮೂರು ಬೋರ್ಡು ಒಣಗುತ್ತಿವೆ. ಇನ್ನುಳಿದ ಮೂರರ ಅಂಚಿನ ಧೂಳನ್ನು ಬೋರ್ಡಮ್ಮ ಉಸಿರು ಬಿಗಿಹಿಡಿದು, ಒಣಬಟ್ಟೆಯಿಂದ, ಒಂದು ಗೀಟೂ ಅಳಿಸದಂತೆ ತೆಗೆಯುತ್ತಾರೆ.

"ನಾನಾಗಿ ಇದನ್ನ ಮುಟ್ಟಲ್ಲ. ಅವಳೇ ಬಂದು 'ಚಿಕ್ಕಮ್ಮ, ಎಡಮುರಿ ಸಿಕ್ತು, ಇನ್ನು ಒರೆಸಿ' ಅನ್ನಬೇಕು. ಅಲ್ಲೀವರೆಗೆ ಈ ಭುಜ ನಡೆದ್ರೆ ಸಾಕು."

ಆರು ವರ್ಷದ ಕೆಲಸದಲ್ಲಿ ಅರ್ಧ ಹೋಯಿತು, ಅರ್ಧ ನಿಂತಿತು. ಕಾಯಂ ಹುದ್ದೆ ಬೇರೊಬ್ಬರಿಗೆ ಹೋಯಿತು. ಮಹಡಿಯ ಕೋಣೆ ಖಾಲಿಯಾಗಲಿಲ್ಲ.