ಸೋತವರಿಗೆ ಮೊದಲ ಆಯ್ಕೆ

ಅಮೆರಿಕದವರ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಅವರ ಆಟ ಅವರು ಆಡಿಕೊಳ್ಳಲಿ. ಆದರೆ ಅವರ ಪದ್ಧತಿಯನ್ನು ತಂದು ತಾಳವಾಡಿಯ ಹೆಂಗಸರ ಕಬಡ್ಡಿಗೆ ಅಂಟಿಸಿದವರ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ನಮ್ಮೂರು ತಾಳಮಲೆಯ ಕಡೆ, ಕಾಡಿನ ಅಂಚಿನಲ್ಲಿದೆ. ಹಗಲೆಲ್ಲ ಬೀಟ್‌ರೂಟ್, ಕೋಸಿನ ಹೊಲಗಳಲ್ಲಿ ಕಳೆ ತೆಗೆದು ಬಂದ ನಾವು ಒಂದಷ್ಟು ಹೆಂಗಸರು, ಆನೆ ಹೊರಡುವ ಹೊತ್ತಿಗೆ ಮುಂಚೆ ಶಾಲೆಯ ಬಯಲಿನಲ್ಲಿ ಕಬಡ್ಡಿ ಆಡುತ್ತಿದ್ದೆವು. ನಾನು ಎಡಗಡೆಯ ಮೂಲೆಯಲ್ಲಿ ನಿಲ್ಲುತ್ತಿದ್ದೆ, ನನ್ನ ತಂಗಿ, ಚಿಕ್ಕಪ್ಪನ ಮಗಳು, ನನ್ನ ಪಕ್ಕದಲ್ಲಿ. ಇಬ್ಬರನ್ನೂ ಒಂದೇ ಊರಿಗೆ ಕೊಟ್ಟಿದ್ದರಿಂದ ಮದುವೆಯಾದ ಮೇಲೂ ಆ ಜೋಡಿ ಕಳಚಿರಲಿಲ್ಲ. ಕಬಡ್ಡಿಯಲ್ಲಿ ಹಿಡಿಯುವವರು ಇಬ್ಬಿಬ್ಬರು ಕೈ ಕೈ ಹಿಡಿದು ನಿಲ್ಲುತ್ತಾರೆ. ಎದುರಿನವಳು ಉಸಿರು ಕಟ್ಟಿ ಒಳಗೆ ಬಂದಾಗ ‘ಈಗ ನುಗ್ಗು’ ಎಂದು ಬಾಯಿಬಿಟ್ಟು ಹೇಳಿದರೆ ಅವಳಿಗೂ ಕೇಳಿಸುತ್ತದೆ. ಅದಕ್ಕೆ ನಾವಿಬ್ಬರೂ ಒಂದು ಗುಟ್ಟು ಮಾಡಿಕೊಂಡಿದ್ದೆವು. ಹೆಬ್ಬೆರಳಿನಿಂದ ಪಕ್ಕದವಳ ಕೈ ಒತ್ತಿದರೆ ಸಾಕು, ಒತ್ತಿದವಳು ಸೊಂಟಕ್ಕೆ ಹಾರಬೇಕು, ಒತ್ತಿಸಿಕೊಂಡವಳು ಕಾಲಿಗೆ ಬೀಳಬೇಕು. ಹಾಗೆ ಬಿದ್ದರೆ ನಮ್ಮಿಂದ ತಪ್ಪಿಸಿಕೊಂಡು ಹೋದವರು ಬಹಳ ಕಡಿಮೆ.

ಹಿಡಿಯುವವರು ಗಟ್ಟಿಗಿತ್ತಿಯರಾದರೂ ಆಚೆ ಹೋಗಿ ಮುಟ್ಟಿ ಬರುವವರು ನಮ್ಮಲ್ಲಿರಲಿಲ್ಲ. ತಾಳವಾಡಿಯ ಪಂದ್ಯಾವಳಿಯಲ್ಲಿ ಹೋದ ವರ್ಷ ಎಲ್ಲರಿಗಿಂತ ಕೊನೆಗೆ ನಿಂತದ್ದು ನಾವೇ. ಆಗ ಕಮಿಟಿಯ ಸೆಕ್ರೆಟರಿ ಎಲ್ಲ ಊರಿನವರನ್ನೂ ಕರೆದು ಮೀಟಿಂಗ್ ಮಾಡಿದ. ಇವನು ಮೊಬೈಲ್ ಅಂಗಡಿ ಇಟ್ಟುಕೊಂಡಿರುವವನು, ಜಗತ್ತಿನ ಆಟಗಳೆಲ್ಲ ಅವನ ಫೋನಿನಲ್ಲಿವೆ. ಅಮೆರಿಕದ ಫುಟ್‌ಬಾಲ್ ತೋರಿಸಿದ. ಹೆಸರು ಫುಟ್‌ಬಾಲ್, ಚೆಂಡು ಮಾತ್ರ ಕೈಯಲ್ಲಿ. ಒಬ್ಬರ ಮೇಲೊಬ್ಬರು ಬೀಳುವುದು ನೋಡಿದರೆ ನಮ್ಮ ಆಟದ ದೊಡ್ಡಪ್ಪನ ಮಗನೇ ಇರಬೇಕು. ಪ್ರತಿವರ್ಷ ಕಾಲೇಜಿನಲ್ಲಿ ಆಡುವ ಹುಡುಗರನ್ನು ದೊಡ್ಡ ಟೀಮಿನವರು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತಾರಂತೆ. ದೊಡ್ಡ ವೇದಿಕೆ, ಕೋಟು ತೊಟ್ಟ ಹುಡುಗರು, ಅಳುವ ತಾಯಂದಿರು, ಹೆಸರು ಕೂಗಿದ ಕೂಡಲೇ ತಲೆಗೊಂದು ಟೋಪಿ.

“ಅಲ್ಲಿ ಕೊನೇಲಿ ಬಂದೋರ್ಗೇ ಮೊದಲ್ನೇ ಆಯ್ಕೆ ಕಣಕ್ಕ. ಗೆದ್ದೋರು ಕಡೇಲಿ ತಕಬೇಕು. ಅಂಗ್ ಮಾಡುದ್ರೇ ಎಲ್ಲಾ ಟೀಮೂ ಸಮ ಆಯ್ತವ” ಎಂದ.

“ಆ ಹೈದ ಒಲ್ಲೆ ಅಂದ್ರ?” ಎಂದು ನಾನು ಕೇಳಿದೆ.

“ಒಲ್ಲೆ ಅಂದ್ರ ಆ ವರ್ಸ ಮನೇಲಿ ಕೂತ್ಕಬೇಕು. ಕೋಟಿಗಟ್ಲ ಕೊಡೋವಾಗ ಯಾರಕ್ಕ ಒಲ್ಲೆ ಅಂದಾರು?”

ನಮಗೇನು ಕೋಟಿ ಕೊಡುತ್ತಿದ್ದರೇ? ಒಂದು ಬನಿಯನ್ನು, ಮಧ್ಯಾಹ್ನಕ್ಕೆ ಟೊಮೆಟೊ ಬಾತು. ಆದರೂ ಸೋತವರಿಗೆ ಮೊದಲ ಆಯ್ಕೆ ಎಂಬ ಮಾತು ಕೇಳಲು ಚೆನ್ನಾಗಿತ್ತು. ಇನ್ನು ಮೇಲೆ ಊರಿಗೊಂದು ಟೀಮಲ್ಲ, ಎಲ್ಲರ ಹೆಸರೂ ಒಂದೇ ರಾಶಿಗೆ. ಪ್ರತಿ ಟೀಮಿಗೂ ಖರ್ಚು ನೋಡಿಕೊಳ್ಳುವ ಒಬ್ಬ ಯಜಮಾನ, ಆರಿಸುವವನೂ ಅವನೇ. ನಮ್ಮ ಹಳೆಯ ಟೀಮಿಗೆ ಯಜಮಾನರಾಗಿ ಬಂದವರು ಗೊಬ್ಬರದ ಅಂಗಡಿಯವರು. ಮೊದಲ ಸರದಿ ನಮ್ಮದೇ ಆದ್ದರಿಂದ ತಂಗಿಯನ್ನು ಅವರು ಎತ್ತಿಕೊಳ್ಳುತ್ತಾರೆ, ನನ್ನನ್ನು ಆಮೇಲೆ ಎತ್ತಿಕೊಂಡರಾಯಿತು, ವಯಸ್ಸಾದ ನನಗಾಗಿ ಯಾರು ಪೈಪೋಟಿ ಮಾಡುತ್ತಾರೆ ಎಂದುಕೊಂಡಿದ್ದೆ. ಬೇಕಾದರೆ ಸರದಿಯನ್ನು ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳಬಹುದು ಎಂದೂ ಸೆಕ್ರೆಟರಿ ಹೇಳಿದ್ದ. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಅದಕ್ಕೆ ಮೊದಲು ಅಳತೆಯ ದಿನ. ಅಮೆರಿಕದಲ್ಲೂ ಹೀಗೇ ಅಳೆಯುತ್ತಾರಂತೆ. ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು. ತರಕಾರಿ ಮಂಡಿಯ ತೂಕದ ಮಿಷನ್ ಮೇಲೆ ಹತ್ತಿಸಿ ತೂಗಿದರು. ಓಡಿಸಿದರು, ನಿಂತಲ್ಲಿಂದ ಜಿಗಿಸಿದರು. ಹೆಣ್ಣು ನೋಡಲು ಬಂದವರ ಮುಂದೆ ಒಮ್ಮೆ ನಡೆದು ತೋರಿಸಿದ್ದೆವು, ಆ ಕಾಲ ಮುಗಿಯಿತು ಅಂದುಕೊಂಡಿದ್ದೆವು. ಇಲ್ಲಿ ಮತ್ತೆ ಅದೇ ಕಣ್ಣುಗಳು ತಲೆಯಿಂದ ಕಾಲಿನವರೆಗೆ. ಅಂಗೈಯ ಅಗಲವನ್ನೂ ಟೇಪು ಹಿಡಿದು ಅಳೆದರು. ಆ ಕೈ ಯಾರ ಕೈಯೊಳಗಿದ್ದರೆ ಕೆಲಸ ಮಾಡುತ್ತದೆ ಎಂದು ಒಬ್ಬನಾದರೂ ಕೇಳಬೇಡವೇ? ಓಟದಲ್ಲೂ ಜಿಗಿತದಲ್ಲೂ ನನ್ನ ತಂಗಿಯೇ ಮುಂದಿದ್ದಳು. ಯಜಮಾನರೆಲ್ಲ ಅವಳ ಕಡೆ ಬೆರಳು ತೋರಿಸಿ ಪಿಸಪಿಸ ಮಾತಾಡಿಕೊಂಡರು.

ಆಯ್ಕೆಯ ದಿನ ತಾಳವಾಡಿಯ ಮದುವೆ ಮಂಟಪದಲ್ಲಿ ವೇದಿಕೆ ಹಾಕಿ, ಮೈಕ್ ಕಟ್ಟಿ, ಟೋಪಿಗಳನ್ನು ಜೋಡಿಸಿಟ್ಟಿದ್ದರು. ಗೊಬ್ಬರದ ಅಂಗಡಿಯವರು ಎದ್ದರು. ನಮ್ಮೂರ ಹೆಂಗಸರು ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದರು. ಅವರು ಮೈಕ್ ಹಿಡಿದು, ತಮ್ಮ ಮೊದಲ ಸರದಿಯನ್ನು ಲಾರಿ ಯಜಮಾನರಿಗೆ ಬಿಟ್ಟುಕೊಟ್ಟಿರುವುದಾಗಿಯೂ ಬದಲಿಗೆ ಅವರ ಎರಡು ಸರದಿ ತೆಗೆದುಕೊಂಡಿರುವುದಾಗಿಯೂ ಹೇಳಿ ಕುಳಿತರು. ಲಾರಿ ಯಜಮಾನರದು ಹೋದ ವರ್ಷ ಗೆದ್ದ ಟೀಮು. ಅವರು ಎದ್ದು ನನ್ನ ತಂಗಿಯ ಹೆಸರು ಹೇಳಿದರು.

ಗದ್ದಲದಲ್ಲಿ ಅವಳಿಗೆ ಆ ಸರದಿಯ ಮಾತು ಕೇಳಿಸಿರಲಿಲ್ಲ. ತನ್ನ ಹೆಸರು ಮಾತ್ರ ಕೇಳಿಸಿತು. ಮುಖ ತುಂಬ ನಗುತ್ತ ವೇದಿಕೆ ಹತ್ತಿ ಸೀದಾ ಗೊಬ್ಬರದ ಅಂಗಡಿಯವರ ಕಡೆಗೆ ನಡೆದಳು. ಸೆಕ್ರೆಟರಿ ಹೋಗಿ ಅವಳ ಭುಜ ಹಿಡಿದು ಲಾರಿ ಯಜಮಾನರ ಕಡೆಗೆ ತಿರುಗಿಸಿದ. ಅವಳು ತಿರುಗಿ ನನ್ನನ್ನು ಹುಡುಕುತ್ತಿರುವಾಗಲೇ ತಲೆಗೆ ಟೋಪಿ ಇಟ್ಟು ಫೋಟೊ ತೆಗೆದರು. ಆ ಫೋಟೊ ಈಗಲೂ ಎಲ್ಲರ ಫೋನಿನಲ್ಲಿದೆ, ನಾನು ಅಳಿಸಿಬಿಟ್ಟೆ.

ನಾನು ಸುಮ್ಮನೆ ಕೂರಲಿಲ್ಲ. ನೇರವಾಗಿ ಹೋಗಿ ಗೊಬ್ಬರದ ಅಂಗಡಿಯವರನ್ನು ಕೇಳಿದೆ.

“ಒಂದ್ ಕೊಟ್ರ ಎರಡ್ ಬಂತಲ್ಲವ್ವ. ನಿಮ್ಗೇ ಲಾಬ ಅಲ್ವ?” ಎಂದರು.

“ನಿಮ್ದೊಂದ್ ಕೈ ಕುಯ್ದು ಕೊಟ್ಬುಟ್ಟು, ಬ್ಯಾರೇವ್ರ ಎರಡ್ ಕೈ ಈಸ್ಕತೀರಾ ಅಣ್ಣ?” ಎಂದೆ. ಅವರು ನಕ್ಕರು. ಹೆಂಗಸಿನ ಸಿಟ್ಟನ್ನು ಕಂಡು ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೊನೆಯವರಿಗೆ ಕೊಟ್ಟ ಒಂದೇ ಒಂದು ಅನುಕೂಲ ಅದು, ಅದನ್ನೂ ನಮ್ಮನ್ನು ಒಂದು ಮಾತು ಕೇಳದೆ ಮೊದಲಿನವರ ಕೈಗೇ ಹಾಕಿದ್ದರು. ಆಮೇಲೆ ನನ್ನ ಹೆಸರನ್ನೂ ಕೂಗಿದರು. ನಾನು ಟೋಪಿ ಹಾಕಿಸಿಕೊಳ್ಳಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ತಂಗಿ ಟೋಪಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. “ಒಲ್ಲೆ ಅಂದ್ರ ಈ ವರ್ಸ ಆಟ್ವೇ ಇಲ್ವಂತ ಕಣಕ್ಕ. ನಂಗ ಕೂರಕ ಆಗಲ್ಲ” ಎಂದಳು.

“ನೀ ಯಾಕ ಕೂತ್ಕಂಡೈ, ಆಡೋಗು” ಎಂದೆ. ಬೇರೇನು ಹೇಳಲಿ?

ಅವಳಿಲ್ಲದ ಮೂಲೆಯಲ್ಲಿ ನಿಲ್ಲಲು ನನ್ನಿಂದಾಗಲಿಲ್ಲ. ಹೊಸದಾಗಿ ಬಂದ ಇಬ್ಬರನ್ನು ಅಲ್ಲಿ ನಿಲ್ಲಿಸಿ, ನಾನು ಆಚೆ ಹೋಗಿ ಮುಟ್ಟಿ ಬರುವ ಕೆಲಸಕ್ಕೆ ಇಳಿದೆ. ಪಂದ್ಯಾವಳಿಯಲ್ಲಿ ಲಾರಿ ಯಜಮಾನರ ಟೀಮು ಎದುರಾಯಿತು. ನಾನು ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಗೆರೆ ದಾಟಿ ಒಳಗೆ ಹೋದೆ. ತಂಗಿ ಯಾವುದೋ ಊರಿನ ಹುಡುಗಿಯ ಕೈ ಹಿಡಿದು ನಿಂತಿದ್ದಳು. ನನ್ನ ಕಣ್ಣು ತಾನಾಗಿಯೇ ಆ ಕೈಗೆ ಹೋಯಿತು. ಅವಳ ಹೆಬ್ಬೆರಳು ಒತ್ತಿತು.

ಸೊಂಟಕ್ಕೆ ಬರುತ್ತಾಳೆ ಎಂದು ನನಗೆ ಗೊತ್ತಾಯಿತು. ಬಗ್ಗಿದೆ. ಪಕ್ಕದ ಹುಡುಗಿ ಕಾಲಿಗೆ ಬೀಳಲಿಲ್ಲ, ಸುಮ್ಮನೆ ನಿಂತೇ ಇದ್ದಳು. ನನ್ನ ತಂಗಿ ಒಬ್ಬಳೇ ಹಾರಿ, ನನ್ನ ಬೆನ್ನನ್ನು ಸವರಿಕೊಂಡು ಹೋಗಿ ಮಣ್ಣಿಗೆ ಬಿದ್ದಳು. ನಾನು ಓಡಿ ಗೆರೆ ಮುಟ್ಟಿದೆ. ಆ ಪಾಯಿಂಟಿನಿಂದ ಮುಂದೆ ಹೋದ ನಾವು ಹಿಂದೆ ಬೀಳಲೇ ಇಲ್ಲ, ಗೆದ್ದೆವು. ಗೊಬ್ಬರದ ಅಂಗಡಿಯವರು ಕುಣಿದರು. ಸೆಕ್ರೆಟರಿ ಮೈಕಿನಲ್ಲಿ, ಕೊನೆಯವರು ಮೊದಲಿನವರನ್ನು ಸೋಲಿಸಿದರು, ನಮ್ಮ ಹೊಸ ಪದ್ಧತಿ ಗೆದ್ದಿತು ಎಂದು ಕೂಗಿದ. ಆ ಮೈಕನ್ನು ಕಿತ್ತು ಎಸೆಯಬೇಕು ಅನಿಸಿತು. ಅದು ನಾನು ಗೆದ್ದ ಪಾಯಿಂಟಲ್ಲ, ನಮ್ಮ ಮನೆಯದನ್ನೇ ಕದ್ದದ್ದು.

ಆಟ ಮುಗಿದ ಮೇಲೆ ನಲ್ಲಿಯ ಹತ್ತಿರ ಅವಳು ಮೊಣಕೈಯ ಮಣ್ಣು ತೊಳೆಯುತ್ತಿದ್ದಳು. ನಾನು ನೀರು ಹುಯ್ಯಲು ಚೊಂಬು ತೆಗೆದುಕೊಂಡೆ. ಅವಳು ನನ್ನ ಮುಖ ನೋಡಲಿಲ್ಲ.

“ಪಕ್ಕದಲ್ಲಿದ್ದೋಳ್ಗ ಗೊತ್ತಾಗ್ನಿಲ್ಲ ಕಣಕ್ಕ” ಎಂದಳು. “ಎದ್ರುಗಿದ್ದ ನಿಂಗ ಗೊತ್ತಾಗೋಯ್ತು.”