ಆ ವರ್ಷ ಅಣ್ಣ ಪಂಚಮಿಗೆ ಕರೆಯಲಿಲ್ಲ

ನನ್ನ ತವರುಮನೆ ನನ್ನ ಮನೆಯ ಹಿಂದಿನ ಗಲ್ಲಿಯಲ್ಲೇ ಇದೆ. ಮಾಳಿಗೆ ಹತ್ತಿ ನಿಂತರೆ ಅಣ್ಣನ ಮಾಳಿಗೆ ಕಾಣುತ್ತದೆ. ಅತ್ತಿಗೆ ಒಗ್ಗರಣೆ ಹಾಕಿದರೆ ಒಮ್ಮೊಮ್ಮೆ ನನಗೂ ಸೀನು ಬರುತ್ತದೆ. ಆದರೂ ನಾಗರ ಪಂಚಮಿಗೆ ಅಣ್ಣ ಬಂದು ಕರೆಯದೆ ನಾನು ಆ ಹೊಸ್ತಿಲು ತುಳಿಯುವಂತಿರಲಿಲ್ಲ. ನೌಕರಿಗೆಂದು ಕಲಬುರ್ಗಿ ಕಡೆಯಿಂದ ಹೈದರಾಬಾದಿಗೆ ಬಂದು ಮೆಹದಿಪಟ್ಟಣಂನಲ್ಲಿ ಮನೆ ಕಟ್ಟಿದ ಅಪ್ಪ ಊರು ಬಿಟ್ಟಿದ್ದರೇ ಹೊರತು ಪದ್ಧತಿ ಬಿಟ್ಟಿರಲಿಲ್ಲ. ಅವರು ಹೋದ ಮೇಲೆ ಅಣ್ಣ ನಡೆಸಿಕೊಂಡು ಬಂದ. ಕೂಗಿದರೆ ಕೇಳುವಷ್ಟು ದೂರಕ್ಕೆ ಆಟೋ ತರುತ್ತಿದ್ದ! ನಾನು ರೇಷ್ಮೆ ಸೀರೆ ಉಟ್ಟು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮಹಾರಾಣಿಯ ಗತ್ತಿನಲ್ಲಿ ಹಿಂದಿನ ಗಲ್ಲಿಗೆ ಹೋಗಿ ಇಳಿಯುತ್ತಿದ್ದೆ. ಆಟೋದವನು ನಗುತ್ತಿದ್ದ. ನಗಲಿ ಬಿಡಿ, ಅವನಿಗೇನು ಗೊತ್ತು ತವರಿನ ಸುಖ.

ಅಣ್ಣ ಪಾಲಿಕೆಯಲ್ಲಿ ಸೊಳ್ಳೆ ನಿಯಂತ್ರಣದ ಅಧಿಕಾರಿ. ನಮ್ಮ ಕಾಲೊನಿಯೂ ಅವನ ಉಸ್ತುವಾರಿಗೇ ಸೇರಿತ್ತು. ನಮ್ಮ ಮನೆತನದಲ್ಲಿ ಸರಕಾರಿ ನೌಕರಿಗೆ ದೇವರ ನಂತರದ ಜಾಗ. ನಾನಂತೂ ಪಾಲಿಕೆ ಎಂದರೆ ಅಣ್ಣ, ಅಣ್ಣ ಎಂದರೆ ಪಾಲಿಕೆ ಎಂದೇ ತಿಳಿದಿದ್ದೆ.

ನನ್ನ ಮನೆಯ ಎದುರಿಗೆ ಅಪಾರ್ಟ್‌ಮೆಂಟ್ ಕಟ್ಟುತ್ತೇವೆಂದು ಸೆಲ್ಲಾರಿಗೆ, ಅಂದರೆ ನೆಲಮಾಳಿಗೆಗೆ, ನೆಲ ತೋಡಿ, ಕೆಲಸವನ್ನು ಅರ್ಧಕ್ಕೇ ಬಿಟ್ಟು ಹೋಗಿದ್ದರು. ಮೊದಲ ದೊಡ್ಡ ಮಳೆಗೇ ಅದು ಕೆರೆಯಾಯಿತು. ಆಷಾಢದ ಹೊತ್ತಿಗೆ ಬಗ್ಗಿ ನೋಡಿದರೆ ನೀರಿನಲ್ಲಿ ಹುಳ ಮಿಜಿಮಿಜಿ ಎನ್ನುತ್ತಿದ್ದವು. ಹಿಂದಿನ ಗಲ್ಲಿಗೆ ಹೋಗಿ ಅಣ್ಣನಿಗೆ ಹೇಳಿದೆ.

“ಅಣ್ಣಾ, ಆ ತಗ್ಗಿನ ನೀರು ತಗಸೋ ಮಾರಾಯಾ. ಮನ್ಯಾಗ ಸಣ್ಣ ಕೂಸೈತಿ.”

“ಯಾಕ ಹೆದರ್ತಿ ತಂಗೀ? ನಾ ಇಲ್ಲೇನು? ಸೋಮವಾರ ಮಂದಿ ಕಳಸ್ತೀನಿ. ನಮ್ಮ ಕಾಲೊನ್ಯಾಗ ಏನೂ ಇಲ್ಲ, ಆರಾಮ ಇರು.”

ಸೋಮವಾರಗಳು ಬಂದವು, ಹೋದವು. ಒಂದು ಸಂಜೆ ಹೊಗೆ ಬಿಡುವ ಗಾಡಿ ಬಂತು. ಮುಖ್ಯರಸ್ತೆಯಲ್ಲಿ ಗುರ್ರೆಂದು ಹೊಗೆ ಕಾರಿ, ಫೋಟೋ ತೆಗೆಸಿಕೊಂಡು, ನಮ್ಮ ಗಲ್ಲಿಯ ಕಡೆ ತಿರುಗಿಯೂ ನೋಡದೆ ಹೋಯಿತು. ಪಕ್ಕದ ಮನೆಯ ಚಾಚಿಗೆ ಸಿಟ್ಟು ಬಂತು. “ಸಬ್ ಮಿಲ್ಕೇ ಕಂಪ್ಲೇಂಟ್ ದೇಂಗೇ ಬೇಟೀ” ಎಂದು ಗಲ್ಲಿಯವರನ್ನೆಲ್ಲ ಕೂಡಿಸಲು ಹೊರಟರು. ನಾನೇ ಅವರ ಕೈ ಹಿಡಿದು, “ಹಮಾರೇ ಭಾಯಿ ಹೈಂ ನಾ ಚಾಚೀ, ಕಾಯ್ಕು ಫಿಕರ್?” ಎಂದೆ, ನಮ್ಮಣ್ಣ ಇರುವಾಗ ಚಿಂತೆ ಯಾಕೆ ಎಂದು. ಚಾಚಿ ಕಂಪ್ಲೇಂಟಿನ ಮಾತು ಬಿಟ್ಟು ಮನೆಗೆ ಹೋದರು. ಪಂಚಮಿಯ ಉಂಡಿ ಹಂಚಿದ ಹಾಗೆ ಅಣ್ಣನ ಮೇಲಿನ ನಂಬಿಕೆಯನ್ನು ಮನೆಮನೆಗೂ ಹಂಚಿದ್ದೆ ನಾನು.

ಶ್ರಾವಣ ಬಂತು. ಅಣ್ಣ ಕರೆಯಲು ಬಂದನೆಂದು ನಾನು ಚಹಾಕ್ಕೆ ನೀರಿಟ್ಟರೆ, ಅವನು ಕೂರಲೂ ಇಲ್ಲ.

“ಈ ಸಲ ಪಂಚಮಿ ಬ್ಯಾಡ ತಂಗೀ. ನಿಮ್ಮತ್ತಿಗಿ ತವರಿಗೆ ಹೊಂಟಾಳ. ಅವರವ್ವಗ ಆರಾಮಿಲ್ಲಂತ. ಹುಡುಗ್ರೂ ಹೊಂಟಾವ.”

“ಅಲ್ಲಾ, ಹುಡುಗ್ರ ಸಾಲಿ?”

“ಸಾಲಿ ಎಲ್ಲಿ ಓಡಿ ಹೋಗತೈತಿ ಬಿಡು.”

ಮಕ್ಕಳು ಒಂದು ದಿನ ಶಾಲೆ ತಪ್ಪಿಸಿದರೆ ರಂಪ ಮಾಡುವ ಮನುಷ್ಯನ ಬಾಯಿಂದ ಈ ಮಾತು! ಮನಸ್ಸು ಚುರ್ರೆಂದಿತು. ಆದರೆ ಬೀಗತಿಯ ಕಾಯಿಲೆಗೆ ಹಬ್ಬಕ್ಕಿಂತ ಹೆಚ್ಚಿನ ಮಾನ ಕೊಡಬೇಕಲ್ಲ. ನಾನೇ ಶೇಂಗಾ ಹುರಿದು ಮನೆಯಲ್ಲೇ ಉಂಡಿ ಕಟ್ಟಿದೆ.

ಪಂಚಮಿಯ ದಿನವೇ ಮಗಳ ಮೈ ಕಾದು ಹೆಂಚಾಯಿತು. ಕಣ್ಣಿನ ಹಿಂದೆ ನೋವು ಎಂದು ಅಳುತ್ತಿದ್ದಳು. ಜ್ವರ ಇಳಿದಂತೆ ಮಾಡಿ, ಮೈಮೇಲೆ ಕೆಂಪು ಚುಕ್ಕೆ ಎದ್ದು, ಒಸಡಿನಲ್ಲಿ ರಕ್ತ ಕಂಡಾಗ ನನ್ನ ಜೀವ ಬಾಯಿಗೆ ಬಂತು. ಆಸ್ಪತ್ರೆಯಲ್ಲಿ ಡೆಂಗಿ ಎಂದರು. ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು. ಏನು ಕೇಳಿದರೂ ಡಾಕ್ಟರು “ರೇಪು ಚೂದ್ದಾಂ ಅಮ್ಮಾ” ಎನ್ನುತ್ತಿದ್ದರು, ನಾಳೆ ನೋಡೋಣ ಎಂದು. ನಾಳೆ ಎಂಬುದು ಇದೆಯೋ ಇಲ್ಲವೋ ಎಂದು ನಾನು ಮಗುವಿನ ಅಂಗೈ ಹಿಡಿದುಕೊಂಡು ಕೂತಿದ್ದೆ.

ಆಗ ಕಲಬುರ್ಗಿಯ ತವರಿನಿಂದ ಅತ್ತಿಗೆಯ ಫೋನು ಬಂತು. ಪಾಪ, ಅಳುತ್ತಿದ್ದಳು.

“ಅಯ್ಯ, ಕೂಸಿಗೂ ಬಂತೇನ್ರಿ? ಕಾಲೊನ್ಯಾಗ ಡೆಂಗಿ ಭಾಳ ಹಬ್ಬೈತಿ ಅಂತ ನಿಮ್ಮಣ್ಣಾರು ನಮ್ಮನ್ನ ಗಡಿಬಿಡಿ ಮಾಡಿ ಕಳಿಸಿದ್ರು. ನಿಮಗೂ ಹೇಳ್ಯಾರಂತ ತಿಳದಿದ್ದೆ ನಾ.”

“ನಿಮ್ಮವ್ವ ಹೆಂಗದಾರ್ರಿ ಅತ್ತಿಗಿ?” ಎಂದಷ್ಟೇ ಕೇಳಿದೆ.

“ಅವ್ವಗೇನಾಗೇತ್ರಿ? ಗಟ್ಟಿ ಅದಾಳ.”

ಸಂಜೆ ಅಣ್ಣ ಎಳನೀರು ಹಿಡಿದುಕೊಂಡು ಆಸ್ಪತ್ರೆಗೆ ಬಂದ. ನಾನು ಎದ್ದು ನಿಲ್ಲಲಿಲ್ಲ.

“ನಿನಗ ಗೊತ್ತಿತ್ತೇನಣ್ಣಾ?”

ಅವನು ನನ್ನನ್ನು ಬಿಟ್ಟು ಸಲಾಯಿನ್ ಬಾಟಲಿ ನೋಡಿದ. “ಮ್ಯಾಲಿಂದ ಹೇಳಿದ್ರು. ಸುದ್ದಿ ಹಬ್ಬಿದ್ರ ಗದ್ದಲ ಆಗತೈತಿ, ಬರೇ ಜ್ವರ ಅನ್ರಿ ಅಂತ. ನಂದೇನು ನಡೀತೈತಿ ಅಲ್ಲಿ?”

“ಹೆಂಡ್ತಿಗಿ ಹೇಳಿದಿ. ನನಗ್ಯಾಕ ಹೇಳಲಿಲ್ಲ?”

“ಆಕಿ ಮನ್ಯಾಕಿ, ತಂಗೀ. ನಿನಗ ಹೇಳಿದ್ರ ನೀ ಗಲ್ಲಿಗೆಲ್ಲಾ ಹೇಳ್ತಿದ್ದಿ.”

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಅಜ್ಜಿ ನಗುತ್ತ ಅನ್ನುತ್ತಿದ್ದಳು. ನಾವೂ ನಗುತ್ತಿದ್ದೆವು. “ಹೌದೋ, ಹೇಳ್ತಿದ್ದೆ! ಡಂಗುರಾ ಸಾರ್ತಿದ್ದೆ! ನನ್ನ ಕೂಸು ಇಲ್ಲಿ ಬಂದು ಮಲಗ್ತಿದ್ದಿಲ್ಲ” ಎಂದು ಚೀರಿದೆ. ನರ್ಸು ಓಡಿ ಬಂದಳು. “ನಿನ್ನ ಎಳನೀರು ಒಯ್ದು ನಿನ್ನ ಮ್ಯಾಲಿನವರಿಗೇ ಕುಡಸು, ನಡಿ” ಎಂದೆ. ಅವನು ಎಳನೀರನ್ನು ಅಲ್ಲೇ ಬಿಟ್ಟು ಹೋದ.

ಮಗಳು ಉಳಿದಳು. ನನ್ನ ಹಣೆಬರಹ ಗಟ್ಟಿಯಿತ್ತು, ಅಷ್ಟೇ. ಮನೆಗೆ ಕರೆತಂದ ದಿನ ಗಲ್ಲಿಯ ತುಂಬ ಔಷಧದ ಹೊಗೆಯ ವಾಸನೆ. ಎದುರಿನ ಸೆಲ್ಲಾರು ಬರಿದಾಗಿತ್ತು, ಅಂಚಿನಲ್ಲಿ ಬ್ಲೀಚಿಂಗ್ ಪೌಡರು ಬಿದ್ದಿತ್ತು. ಪಾಲಿಕೆಯವರು ಮೋಟರು ತಂದು ಒಂದೇ ಮುಂಜಾನೆಯಲ್ಲಿ ನೀರು ಹೊರಹಾಕಿದರೆಂದು ಚಾಚಿ ಹೇಳಿದರು. ಒಂದೇ ಒಂದು ಮುಂಜಾನೆಯ ಕೆಲಸವಂತೆ! ಚಾಚಿಯ ಸೊಸೆಯೂ ಜ್ವರ ಬಂದು ಮಲಗಿ ಎದ್ದಿದ್ದಳು. ಅಣ್ಣನ ಹೆಸರನ್ನು ಚಾಚಿ ಎತ್ತಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುವರ್ಷ ಅಣ್ಣ ಮತ್ತೆ ಆಟೋ ತಂದ. ನಾನು ಹೋದೆ. ಅದು ಅಪ್ಪ ಕಟ್ಟಿದ ಮನೆ, ಅತ್ತಿಗೆಯದೇನೂ ತಪ್ಪಿಲ್ಲ, ಮಗಳಿಗೆ ಜೋಕಾಲಿಯ ಆಸೆ. ಉಂಡಿ ತಿಂದೆ, ಅಣ್ಣನ ಜೊತೆ ಮಳೆಯ ಮಾತು, ಶಾಲೆಯ ಮಾತು ಆಡಿದೆ. ಅವನು “ಈ ಸಲ ಎಲ್ಲಾ ತಯಾರಿ ಮಾಡೀವಿ” ಎಂದಾಗ ಎದ್ದು ಒಳಗೆ ಹೋದೆ.

ಈಗ ಮಳೆಗಾಲ ಬಂದರೆ ಪಾಲಿಕೆಯ ಆಟೋ ಮೈಕಿನಲ್ಲಿ ಏನು ಕೂಗಿದರೂ ನಾನು ಕಿವಿಗೊಡುವುದಿಲ್ಲ. ಮುಂಜಾನೆ ಮಾಳಿಗೆ ಹತ್ತಿ ಅಣ್ಣನ ಮಾಳಿಗೆಯ ಹಗ್ಗ ನೋಡುತ್ತೇನೆ. ಅವನ ಮಕ್ಕಳ ಶಾಲೆಯ ಬಟ್ಟೆ ಒಣಗುತ್ತಿದ್ದರೆ, ಅವರು ಊರಲ್ಲೇ ಇದ್ದಾರೆಂದು ನನ್ನ ಮಗಳನ್ನು ಹೊರಗೆ ಆಡಲು ಬಿಡುತ್ತೇನೆ.

ಹೋದ ಶ್ರಾವಣದಲ್ಲಿ ಮಳೆ ಬಿಟ್ಟು ಬಿಸಿಲು ಬಿದ್ದಿದ್ದರೂ ಹಗ್ಗ ದಿನವೂ ಬರಿದಾಗಿಯೇ ಇರುತ್ತಿತ್ತು. ಅಣ್ಣನಿಗೆ ಫೋನು ಮಾಡಲಿಲ್ಲ. ಕೆಳಗಿಳಿದು ಮೊದಲು ಚಾಚಿಯ ಬಾಗಿಲು ಬಡಿದೆ. ಆಮೇಲೆ ಮಗಳ ಬಟ್ಟೆ ಚೀಲಕ್ಕೆ ತುಂಬಿದೆ.