ಕೆಂಗೇರಿಯ ಓಲೆಗರಿ ಕಟ್ಟು

ರಾಜಾಜಿನಗರದಲ್ಲಿ ಆಗ ಕಟ್ಟಿದ ಮನೆಗಳಿಗಿಂತ ಪಾಯ ತೋಡಿದ ಸೈಟುಗಳೇ ಹೆಚ್ಚು. ಅಲ್ಲಿನ ಒಂದು ಬಾಡಿಗೆ ಮನೆಯಲ್ಲಿ ನಡೆಯುತ್ತಿದ್ದ ಗ್ರಂಥಾಲಯದಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತು. ಮುಂದಿನ ಕೋಣೆಯಲ್ಲಿ ದಿನಪತ್ರಿಕೆ, ಕಾದಂಬರಿ. ಹಿಂದಿನ ಕೋಣೆಯ ಬೀರುಗಳಲ್ಲಿ ಹಳೆಯ ಅಚ್ಚಿನ ಪುಸ್ತಕಗಳು, ಓಲೆಗರಿಗಳು. ಅವನ್ನೆಲ್ಲ ಊರೂರು ತಿರುಗಿ ಕೂಡಿಸಿದವರು ನಮ್ಮ ಗ್ರಂಥಪಾಲಕರು, ನಿವೃತ್ತ ಮೇಷ್ಟ್ರು. ಓಲೆಗರಿಯ ಬರಹ ಓದುವುದನ್ನು ನನಗೆ ಕಲಿಸಿದವರೂ ಅವರೇ.

ಕೆಂಗೇರಿಯ ರೈತರ ಮನೆಯೊಂದರಲ್ಲಿ ಇಂಥ ಓಲೆಗರಿಗಳ ಕಟ್ಟೊಂದು ಇದೆಯೆಂದು ಯಾರೋ ಹೇಳಿದರು. ಇಬ್ಬರೂ ಬಸ್ಸು ಹತ್ತಿ ಹೋದೆವು. ಆ ಮನೆಯ ಹಿರಿಯಜ್ಜಿ ಮಜ್ಜಿಗೆ ಕೊಟ್ಟು ಉಪಚರಿಸಿದರು. ಕಟ್ಟಿನ ಮಾತೆತ್ತಿದಾಗ ಮಾತ್ರ ಮುಖ ಬಿಗಿಯಾಯಿತು.

"ದ್ಯಾವ್ರನ್ನ ಯಾರಾದ್ರೂ ಮನೆಯಿಂದ ಆಚೆ ಕಳಿಸ್ತಾರಾ ಸ್ವಾಮಿ?"

ಕಟ್ಟು ದೇವರ ಗೂಡಿನಲ್ಲಿತ್ತು. ದಿನವೂ ಹೂವೇರಿಸುತ್ತಿದ್ದರು, ಬಿಚ್ಚಿ ನೋಡಿದವರಿಲ್ಲ. ಓದಲಾದರೂ ಬಿಡಿ ಎಂದು ಮೇಷ್ಟ್ರು ಬೇಡಿಕೊಂಡ ಮೇಲೆ, ಅಜ್ಜಿ ನನಗೆ ಕೈಕಾಲು ತೊಳೆಯಲು ಹೇಳಿ ಕಟ್ಟನ್ನು ನನ್ನ ಕೈಗಿತ್ತರು. ಅಂಚೆಲ್ಲ ಹುಳು ತಿಂದಿತ್ತು. ತಡವರಿಸುತ್ತಾ ಓದಿದೆ. ದೇವರ ಸ್ತುತಿಯಲ್ಲ, ದನಕರುಗಳ ಮದ್ದು! ಹೊಟ್ಟೆ ಉಬ್ಬರಿಸಿದರೆ ಏನು ಕುಡಿಸಬೇಕು, ಗೊರಸು ಹುಣ್ಣಾದರೆ ಯಾವ ಸೊಪ್ಪು ಅರೆದು ಹಚ್ಚಬೇಕು, ಇಂಥವೇ.

"ಇಷ್ಟೇನಾ? ತಗೊಂಡೋಗಿ ಮೇಷ್ಟ್ರೇ" ಎಂದ ಅಜ್ಜಿಯ ಮಗ. ಬಂದ ಕೆಲಸ ಆಯಿತೆಂದುಕೊಂಡೆ.

"ಸುಮ್ಕಿರ್ಲಾ" ಎಂದು ಅಜ್ಜಿ ಗದರಿದರು. "ದ್ಯಾವ್ರು ಎಲ್ಲಾರ ಮನೇಲೂ ಅವ್ನೆ. ಇದು ನಮ್ಮನೆಯೋರು ಕೂತು ಬರ್ದಿರೋದು." ಆಮೇಲೆ ನನ್ನತ್ತ ತಿರುಗಿ, "ಪೂರ್ತಿ ಓದವ್ವ. ಕೇಳಿಸ್ಕೊಂಡು ಆಮೇಲೆ ಕೊಡೋದೋ ಬ್ಯಾಡ್ವೋ ಹೇಳ್ತೀನಿ."

ಆ ಚಳಿಗಾಲದ ಭಾನುವಾರಗಳನ್ನು ಕೆಂಗೇರಿಯಲ್ಲೇ ಕಳೆದೆವು. ನಾನು ಓದುತ್ತಿದ್ದೆ, ಮೇಷ್ಟ್ರು ಕಾಗದಕ್ಕೆ ಇಳಿಸುತ್ತಿದ್ದರು, ಅಜ್ಜಿ ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದರು. ಒಂದು ಗರಿಯಲ್ಲಿ, ಎಷ್ಟು ಮದ್ದು ಮಾಡಿದರೂ ಉಳಿಯದೆ ಹೋದ ಎಮ್ಮೆಯೊಂದರ ವಿಷಯ ಬಂತು. ಬರೆದಾತ ಅದು ಯಾವ ಹಿತ್ತಲಲ್ಲಿ ಮಣ್ಣಾಯಿತು ಎಂಬುದನ್ನೂ ಬರೆದಿದ್ದ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೊನೆಯ ಗರಿ ಮುಗಿದ ದಿನ ಅಜ್ಜಿಯೇ ಹೇಳಿದರು: "ಇಲ್ಲಿದ್ರೆ ಹುಳ ತಿಂದಾಕ್ತದೆ, ತಗೊಂಡೋಗಿ. ಬರ್ಕೊಂಡಿರೋ ಕಾಗ್ದ ನಮ್ಗಿರ್ಲಿ. ಮೊಮ್ಮಕ್ಕಳು ಓದ್ಕೊಳ್ತಾವೆ."

ಯುಗಾದಿ ಕಳೆದ ಮೇಲೆ ಅಜ್ಜಿ ಮಗನ ಜೊತೆ ಗ್ರಂಥಾಲಯ ನೋಡಲು ಬಂದರು. ಗರಿಗಳನ್ನು ಒರೆಸಿ, ಎಣ್ಣೆ ಸವರಿ, ಹೊಸ ದಾರ ಪೋಣಿಸಿಟ್ಟಿದ್ದೆವು. ಬೀರು ತೆಗೆದು ತೋರಿಸಿದೆ.

"ಇಲ್ಲಿ ಯಾರು ಬೇಕಾದ್ರೂ ಬಂದು ಕೇಳ್ಬೋದಾ?"

"ಯಾರು ಬೇಕಾದ್ರೂ ಬರ್ಬೋದು ಅಜ್ಜಿ" ಎಂದೆ.

ಕೆಲವೇ ದಿನಗಳಲ್ಲಿ ಮಲ್ಲತ್ತಹಳ್ಳಿಯ ರೈತನೊಬ್ಬ ಬಂದು ಬಾಗಿಲಲ್ಲಿ ನಿಂತ. ಹಸು ಮೇವು ಬಿಟ್ಟಿದೆಯಂತೆ, ಕೆಂಗೇರಿ ಅಜ್ಜಿ ಇಲ್ಲಿಗೆ ಕಳಿಸಿದರಂತೆ. ನಾನು ಕಟ್ಟು ಬಿಚ್ಚಿ, ಹುಡುಕಿ ಓದಿ ಹೇಳಿದೆ. ದನದ ಆಸ್ಪತ್ರೆಗೂ ಒಮ್ಮೆ ಹೊಡ್ಕೊಂಡು ಹೋಗಪ್ಪ ಎಂದು ಮೇಷ್ಟ್ರು ಸೇರಿಸಿದರು.